ಸ್ವಂತ ಒಲೆಯ ಬೂದಿ

ಬನಹಟ್ಟಿಯ ನಮ್ಮ ಓಣಿಯಲ್ಲಿ ಒಲೆಯ ಬೂದಿಯನ್ನೆಲ್ಲ ತಿಪ್ಪೆಗೆ ಚೆಲ್ಲುವ ವಾಡಿಕೆಯಿಲ್ಲ. ಸಗಣಿಯ ಕುಳ್ಳು ಉರಿದು ಆರಿದ ಮೇಲೆ ಮೇಲಿನ ಬಿಳಿ ಬೂದಿಯನ್ನಷ್ಟೇ ಎತ್ತಿ, ತೆಳು ಬಟ್ಟೆಯಲ್ಲಿ ಸೋಸಿ, ತಗಡಿನ ಡಬ್ಬಿಯೊಂದರಲ್ಲಿ ತುಂಬಿಡುತ್ತಾರೆ. ಪಾತ್ರೆ ತಿಕ್ಕುವ ಬೂದಿ ಬೇರೆ, ಇದು ಬೆರಳಿಗೆ. ಮಗ್ಗದ ಮೇಲಿನ ಹಾಸು, ಎಂದರೆ ಉದ್ದಕ್ಕೆ ಬಿಗಿದ ಎಳೆಗಳು, ನೇಯ್ದು ಮುಗಿಯುತ್ತ ಬಂದಾಗ ಅದರ ಬಾಲದ ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕಾಗುತ್ತದೆ. ಇದಕ್ಕೆ ಇಲ್ಲಿ ಕೆಚ್ಚುವುದು ಎನ್ನುತ್ತಾರೆ. ಗಂಟು ಹಾಕುವಂತಿಲ್ಲ, ಬಾಚಣಿಗೆಯಂಥ ಹಣಿಗೆಯ ಹಲ್ಲುಗಳ ನಡುವೆ ಗಂಟು ನುಸುಳದು. ಹೆಬ್ಬೆರಳನ್ನೂ ತೋರುಬೆರಳನ್ನೂ ಬೂದಿಗೆ ಅದ್ದಿ, ಎರಡು ತುದಿಗಳನ್ನು ಸೇರಿಸಿ ಒಮ್ಮೆ ಹೊಸೆದು, ಮಡಚಿ ಇನ್ನೊಮ್ಮೆ ಹೊಸೆದರೆ ಎರಡು ಎಳೆ ಒಂದಾಗುತ್ತವೆ. ಹೀಗೆ ಸಾವಿರಾರು ಸಲ. ಕೊನೆಗೆ ಹಾಸನ್ನು ನಿಧಾನವಾಗಿ ಮುಂದಕ್ಕೆಳೆದಾಗ ಕೂಡಿಕೆಗಳೆಲ್ಲ ಹಣಿಗೆ ದಾಟಿ ಈಚೆ ಬರಬೇಕು. ಬಂದರೆ ಆ ಕೈಯನ್ನು ಓಣಿ ಮತ್ತೆ ಕರೆಯುತ್ತದೆ. ಹರಿದರೆ ಕರೆಯುವುದಿಲ್ಲ.

ಇನ್ನೊಂದು ಕಟ್ಟಳೆಯುಂಟು. ಡಬ್ಬಿಯ ಬೂದಿಯನ್ನು ಯಾರೂ ಕಂಡವರ ಮನೆಯಿಂದ ಕೇಳಿ ತರುವುದಿಲ್ಲ. ತನ್ನ ಒಲೆಯದಾಗಬೇಕು, ಇಲ್ಲವೇ ತನ್ನವರ ಒಲೆಯದು. ಬೂದಿ ಕೊಟ್ಟರೆ ಮನೆಯ ಲಕ್ಷ್ಮಿ ಹೋಗುತ್ತಾಳೆ ಎಂದು ಒಬ್ಬರು ಕಾರಣ ಹೇಳುತ್ತಾರೆ, ಹಿರಿಯರ ಮಾತು ಎಂದು ಇನ್ನೊಬ್ಬರು. ನಾನು ಎರಡನ್ನೂ ನಂಬಿಲ್ಲ. ಸೋಸುವಾಗ ಒಂದು ಕಲ್ಲಿನ ಹರಳು ಉಳಿದರೂ ಎಳೆ ಸವೆಯುತ್ತದೆ. ಆದ್ದರಿಂದ ಸೋಸಿದ ಕೈಯ ಮೇಲೆ ಭರವಸೆ ಇರಬೇಕು. ಕಟ್ಟಳೆಯ ಹಿಂದಿರುವುದು ಇಷ್ಟೇ ಎಂಬುದು ನನ್ನ ತರ್ಕ.

ನಾವು ನೇಕಾರರಲ್ಲ. ಬೀಳಗಿ ತಾಲ್ಲೂಕಿನ ಹೊಳೆಸಾಲಿನ ಹಳ್ಳಿಯವರು, ಬೀರೇಶ್ವರನ ಒಕ್ಕಲು. ಕುರಿಯೂ ತುಸು ಹೊಲವೂ ಇದ್ದ ಮನೆತನ. ಕೃಷ್ಣೆಯ ಹಿನ್ನೀರು ಊರನ್ನು ತೆಗೆದುಕೊಂಡಿತು. ಉಳಿದವರೆಲ್ಲ ದಿನ್ನೆಯ ಮೇಲಿನ ಹೊಸ ಊರಿಗೆ ಹೋದರು. ಎಲ್ಲರೂ ಹೋದ ದಾರಿ ಸರಿಯಾದ ದಾರಿಯೇ ಆಗಿರಬೇಕಿಲ್ಲ ಎಂಬ ಹಟದಿಂದ ನಾನು ಹೆಂಡತಿಯನ್ನು ಕರೆದುಕೊಂಡು ಇಲ್ಲಿಗೆ ಬಂದು, ನೂಲಿನ ಅಂಗಡಿಯೊಂದರಲ್ಲಿ ಗಂಟು ಹೊರುವ ಕೆಲಸಕ್ಕೆ ನಿಂತೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ಮುಂದಿನದನ್ನು ವಾಚನಾಲಯದಲ್ಲಿಯೂ ನೂಲಿನ ಗಂಟಿಗೆ ಸುತ್ತಿ ಬರುತ್ತಿದ್ದ ಹಳೆಯ ಪತ್ರಿಕೆಗಳಲ್ಲಿಯೂ ಓದಿಕೊಂಡೆ. ಹಾಗೆ ಓದಿದವನಿಗೆ ಒಂದು ಚಟ ಹತ್ತುತ್ತದೆ: ಬಲ್ಲವರು ಹೇಳಿದರೆಂದು ಯಾವುದನ್ನೂ ಒಪ್ಪದಿರುವುದು.

ಮುಳುಗಡೆಯ ಸಭೆಗಳಲ್ಲಿ ನಮ್ಮವರು, ನಮ್ಮ ಬೇರು ನೀರಿನಡಿ ಉಳಿಯಿತು, ಇನ್ನು ನಾವು ಎಲ್ಲಿಯೂ ಚಿಗುರಲಾರೆವು ಎಂದು ಭಾಷಣ ಮಾಡುತ್ತಿದ್ದರು. ಚಪ್ಪಾಳೆ ಬೀಳುತ್ತಿತ್ತು. ನಾನು ತಟ್ಟಲಿಲ್ಲ. ಬೇರಿರುವುದು ಗಿಡಕ್ಕೆ, ಕುರಿ ಕಾಯ್ದ ಮನೆತನಕ್ಕೆ ಇದ್ದದ್ದು ಕಾಲು. ಇತ್ತ ನಮ್ಮ ಓಣಿಯ ನೇಕಾರರು, ತಾವು ಮೊದಲಿನಿಂದಲೂ ಇಲ್ಲಿಯವರೇ ಎನ್ನುತ್ತಿದ್ದರು. ಹಾಗಾದರೆ ನಿಮ್ಮ ಮನೆದೇವರು ಯಾವೂರಲ್ಲಿ ಎಂದು ನಾನು ಒಬ್ಬೊಬ್ಬರನ್ನೇ ಕೇಳಿದೆ. ಒಬ್ಬರ ದೇವರು ಎರಡು ದಿನದ ದಾರಿ, ಇನ್ನೊಬ್ಬರದು ಹೊಳೆಯ ಆಚೆ. ದೇವರನ್ನು ಹಿಂದೆ ಬಿಟ್ಟು ಬಂದವರು ಎಂದಮೇಲೆ ಇವರೂ ಬಂದವರೇ. ಈ ಮಾತಿಗೆ ಕೆಲವರು ನನ್ನೊಡನೆ ತಿಂಗಳುಗಟ್ಟಲೆ ಮಾತು ಬಿಟ್ಟದ್ದೂ ಇದೆ.

ಇಷ್ಟೆಲ್ಲ ಸಂಶಯಪಡುವ ನಾನು ಒಂದು ಕಥೆಯನ್ನು ಮಾತ್ರ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಯಾವ ಸಂಶಯವೂ ಇಲ್ಲದೆ ಹೇಳುತ್ತ ಬಂದಿದ್ದೆ. ಅದು ನನ್ನ ಹೆಂಡತಿ ಮೊದಲ ಹಾಸನ್ನು ಕೆಚ್ಚಿದ ಕಥೆ.

ನಾವು ಬಂದ ಮೊದಲ ವರ್ಷ ಎದುರುಮನೆಯಲ್ಲಿ ಕೈಮಗ್ಗಗಳಿದ್ದವು. ಆ ಮನೆಯ ಹಿರಿಯಳನ್ನು ಓಣಿಯೆಲ್ಲ ದೊಡ್ಡವ್ವ ಎಂದು ಕರೆಯುತ್ತಿತ್ತು. ಕುರಿಯವರ ಕೈಗೆ ಉಣ್ಣೆಯ ಜಿಡ್ಡು, ಹತ್ತಿಯ ಎಳೆ ನಿಲ್ಲುವುದಿಲ್ಲ ಎಂದು ಎಲ್ಲರೂ ಹೇಳಿದರೂ ಆಕೆ ನನ್ನ ಹೆಂಡತಿಯನ್ನು ಕರೆದು ಕೂರಿಸಿದಳು. ಆ ದಿನ ನಾನು ಪರಿಹಾರದ ಕಾಗದಕ್ಕಾಗಿ ಬೀಳಗಿಗೆ ಹೋದವನು, ಕಚೇರಿಯಲ್ಲಿ ಕೆಲಸವಾಗದೆ ಮರುದಿನ ಸಂಜೆಯ ಬಸ್ಸಿಗೆ ಮರಳಿದೆ. ಎದುರುಮನೆಯ ಮಗ್ಗದ ಮೇಲೆ ಹೊಸ ಹಾಸು ಏರಿ, ಮೊಳದಷ್ಟು ಸೀರೆಯೂ ಇಳಿದಿತ್ತು. ಹಾಸು ಏನಾಯಿತು ಎಂದು ಕೇಳಿದ್ದಕ್ಕೆ ಹೆಂಡತಿ ‘ಆತು’ ಎಂದಳು. ನನಗೆ ಅಷ್ಟು ಸಾಕಾಯಿತು. ರಾಟಿಯ ಮೇಲೆ ಉಣ್ಣೆ ತೆಗೆದ ಕೈ ಮೊದಲ ದಿನವೇ ಒಂದೂ ಎಳೆ ಹರಿಯದಂತೆ ಕೆಚ್ಚಿತು ಎಂದು ಅಂಗಡಿಯಲ್ಲಿ ಹೇಳಿದೆ, ಚಹಾದ ಹೋಟೆಲಿನಲ್ಲಿ ಹೇಳಿದೆ, ಜಮಖಂಡಿಯ ಬೀಗರಿಗೆ ಹೇಳಿದೆ. ನನ್ನ ವಹಿಯಲ್ಲಿಯೂ ಬರೆದಿಟ್ಟೆ. ಬೇರು ನೀರಿನಡಿ ಉಳಿಯಿತು ಎನ್ನುವವರಿಗೆ ನಾನು ಕೊಡುತ್ತಿದ್ದ ಉತ್ತರ ಅದೊಂದೇ ಆಗಿತ್ತು.

ಕಳೆದ ವರ್ಷ ಯುಗಾದಿಯ ಆಸುಪಾಸಿಗೆ ನಮ್ಮ ಓಣಿಗೆ ಒಂದು ಜೋಡಿ ಬಂದಿತು. ಮಹಾರಾಷ್ಟ್ರದ ಕಡೆಯಿಂದ ಪ್ರತಿ ಹಂಗಾಮಿಗೂ ಗುಂಪುಗಟ್ಟಿ ಕಬ್ಬು ಕಡಿಯಲು ಬರುವ ಟೋಳಿಯವರು. ಆ ವರ್ಷ ಬಾಡಗಂಡಿಯ ಕಡೆ ಆರಂಭಿಸಿ ಹಿಪ್ಪರಗಿಯ ಹೊಳೆದಂಡೆಯಲ್ಲಿ ಹಂಗಾಮು ಮುಗಿಸಿದ್ದರು. ಟೋಳಿ ಊರಿಗೆ ಮರಳಿತು, ಇವರಿಬ್ಬರು ಮರಳಲಿಲ್ಲ. ಗಂಡನಿಗೆ ರಬಕವಿ ರಸ್ತೆಯ ಪವರ್‌ಲೂಮ್ ಶೆಡ್ಡೊಂದರಲ್ಲಿ ಕೆಲಸ ಸಿಕ್ಕಿತ್ತು. ಅವನೊಬ್ಬನ ದುಡಿಮೆಯಲ್ಲಿ ವರ್ಷ ಸಾಗದು. ಅವಳಿಗೂ ಓಣಿಯಲ್ಲಿ ಕೆಲಸ ಸಿಕ್ಕರೆ ಇಲ್ಲಿ ನಿಲ್ಲುವುದು, ಇಲ್ಲವಾದರೆ ದಸರೆಯ ನಂತರ ಟೋಳಿಯ ಟ್ರ್ಯಾಕ್ಟರು ಬಂದಾಗ ಮತ್ತೆ ಕಬ್ಬಿಗೆ ಹೋಗುವುದು ಎಂದು ಅವರಿಬ್ಬರೊಳಗೆ ನಿರ್ಧಾರವಾಗಿತ್ತು.

ಆ ಹೆಣ್ಣುಮಗಳು ನಸುಕಿನಲ್ಲೇ ಎದ್ದು, ಓಣಿಯ ನಲ್ಲಿಗೆ ಎಲ್ಲರಿಗಿಂತ ಮೊದಲು ಕೊಡ ಇಟ್ಟು, ಯಾರಾದರೂ ಬಂದರೆ ತನ್ನ ಕೊಡವನ್ನು ಹಿಂದಕ್ಕೆ ಸರಿಸುತ್ತಿದ್ದಳು. ಮೊದಲು ಬಂದು ಕೊನೆಗೆ ತುಂಬಿಕೊಳ್ಳುವ ಆ ರೀತಿಯನ್ನು ನಾನು ಕಟ್ಟೆಯ ಮೇಲೆ ಕುಳಿತು ದಿನವೂ ನೋಡುತ್ತಿದ್ದೆ. ನಾವು ಬಂದ ಹೊಸತರಲ್ಲಿ ನನ್ನ ಹೆಂಡತಿಯೂ ಹಾಗೆಯೇ ಮಾಡುತ್ತಿದ್ದಳು. ಆ ಹೊಸಬಳು ತನ್ನ ಬಾಡಿಗೆ ಕೋಣೆಯ ಹೊರಗೆ ತಗಡಿನ ಕೆಳಗೆ ಮೂರು ಕಲ್ಲು ಹೂಡಿ ಅಡುಗೆ ಮಾಡುತ್ತಿದ್ದಳು. ತಿಂಗಳು ಮೂರಾದರೂ ಕಲ್ಲು ಕಲ್ಲಾಗಿಯೇ ಉಳಿದವು. ಒಂದು ಒಲೆ ಹಾಕಿಕೊಳ್ಳಬಾರದೇ, ಮಣ್ಣು ನಾನೇ ಕಲೆಸಿಕೊಡುತ್ತೇನೆ ಎಂದು ನನ್ನ ಹೆಂಡತಿ ಹೇಳಿದಾಗ ಅವಳು ಕಲಿತಷ್ಟೇ ಕನ್ನಡದಲ್ಲಿ ಉತ್ತರಿಸಿದಳು:

“ಕಲ್ಲ ಆದ್ರ ಬಿಟ್ಟ ಹೋಗಾಕ ಬರ್ತೈತಿ ಮಾವಶಿ. ಒಲಿ ಹಾಕಿ ಬಿಟ್ಟ ಹೋದ್ರ ಹೊಟ್ಟಿ ಉರಿತೈತಿ. ಇಲ್ಲೇ ಇರ್ತೇನಿ ಅಂತ ಖರೆ ಆದ ದಿನಾ ಹಾಕ್ತೇನಿ.”

ಅಂದಿನಿಂದ ನನ್ನ ಹೆಂಡತಿ ಅವಳಿಗೆ ಕೆಚ್ಚುವುದನ್ನು ಕಲಿಸತೊಡಗಿದಳು. ಹರಿದ ಹಾಸಿನ ತುಂಡುಗಳನ್ನು ಎರಡು ಮೊಳೆಗಳ ನಡುವೆ ಬಿಗಿದು ಕೂರಿಸುತ್ತಿದ್ದಳು. ಬೂದಿ ನಮ್ಮ ಹಿತ್ತಲಿನ ನೀರೊಲೆಯದು. ಕೊಡಬಾರದೆಂಬ ಕಟ್ಟಳೆಯನ್ನು ನೆನಪಿಸಿದವರಿಗೆ ಆಕೆ ಕಿವಿಗೊಡಲಿಲ್ಲ. ಆ ಹೆಣ್ಣುಮಗಳ ಅಂಗೈಯಲ್ಲಿ ಕಬ್ಬಿನ ಎಲೆಯಂಚಿನ ಸಿವುರು ಕೊಯ್ದ ಗೆರೆಗಳಿದ್ದವು. ಬೆರಳ ತುದಿಗಳು ಒರಟಾಗಿ ಎಳೆಯನ್ನು ಜಗ್ಗುತ್ತಿದ್ದವು. ಆದರೂ ದಿನಕ್ಕೆ ಎರಡು ಹೊತ್ತು, ಬೆನ್ನು ಬಾಗಿಸಿ, ಒಂದು ಎಳೆ ತಪ್ಪಿದರೆ ಹತ್ತು ಎಳೆ ಬಿಚ್ಚಿ ಕೂಡಿಸುತ್ತ ಮಳೆಗಾಲವಿಡೀ ಕುಳಿತಳು. ಪುಸ್ತಕ ಹಿಡಿದು ನಾನೂ ಅಷ್ಟು ಏಕಾಗ್ರವಾಗಿ ಕುಳಿತ ನೆನಪಿಲ್ಲ.

ದೊಡ್ಡವ್ವ ತೀರಿ ಎಷ್ಟೋ ವರ್ಷಗಳಾಗಿವೆ. ಎದುರುಮನೆಯನ್ನು ಈಗ ನಡೆಸುವವಳು ಆಕೆಯ ಸೊಸೆ; ಕೈಮಗ್ಗ ಹೋಗಿ ನಾಲ್ಕು ಪವರ್‌ಲೂಮ್ ಬಂದಿವೆ. ಹಾಸು ಈಗ ಬೀಮು ಎಂಬ ಉರುಳೆಯ ಮೇಲೆ ಸುತ್ತಿ ಬರುತ್ತದೆ, ಆದರೆ ಕೆಚ್ಚುವುದು ಇಂದಿಗೂ ಬೆರಳಿನಿಂದಲೇ. ಹೊಸಬಳಿಗೆ ಒಂದು ಬೀಮು ಕೊಡು ಎಂದು ನನ್ನ ಹೆಂಡತಿ ಕೇಳಿದಾಗ ಸೊಸೆ ನಕ್ಕಳು.

“ಕಬ್ಬ ಕಡಿಯೋ ಕೈಯಾಗ ಎಳಿ ಕೊಡಂತೀರೇನ್ರಿ ಕಾಕು? ನಾಳಿ ಕುಡಗೋಲ ತಗೊಂಡ ಬರ್ತಾಳ ಮಗ್ಗಕ್ಕ.”

“ತರಲಿ ಬಿಡವಾ. ನಿನ್ನ ನಾಲಿಗಿ ಮೊದಲ ಕಡಿತಾಳ” ಎಂದಳು ನನ್ನ ಹೆಂಡತಿ.

ಹಾಗೆ ನಗೆಯಾಡುತ್ತಲೇ ದಸರೆಗೆ ಎಂಟು ದಿನ ಇರುವಾಗ ಸೊಸೆ ಒಂದು ಬೀಮನ್ನು ಒಪ್ಪಿಸಿದಳು. ಅತ್ತೆ ಎಂದೂ ಕೆಟ್ಟ ಕೈಯನ್ನು ಮಗ್ಗಕ್ಕೆ ಮುಟ್ಟಿಸಿದವಳಲ್ಲ, ಆ ಮರ್ಯಾದೆ ಉಳಿಯಬೇಕು ಎಂದೂ ಸೇರಿಸಿದಳು. ಅದಕ್ಕೆ ನಾನು ಕಟ್ಟೆಯ ಮೇಲಿನಿಂದಲೇ, ಕೈ ಹುಟ್ಟಿನಿಂದ ಬರುವುದಲ್ಲ, ನಮ್ಮಾಕೆಯನ್ನೇ ನೋಡು, ಮೊದಲ ದಿನ ಒಂದೂ ಎಳೆ ಹರಿಯಲಿಲ್ಲ ಎಂದು ನನ್ನ ಕಥೆಯನ್ನು ಮತ್ತೆ ಹೇಳಿದೆ. ಆ ಹೆಣ್ಣುಮಗಳು ಕಣ್ಣರಳಿಸಿ ಕೇಳಿಸಿಕೊಂಡಳು. ನನ್ನ ಹೆಂಡತಿ ಒಳಗೆ ಎದ್ದು ಹೋದಳು. ಯಾಕೆ ಎಂದು ನಾನು ಯೋಚಿಸಲಿಲ್ಲ.

ಅವಳೊಬ್ಬಳೇ ಕೆಚ್ಚಬೇಕು, ಯಾರೂ ಕೈ ಹಚ್ಚಬಾರದು ಎಂದು ಮಾತಾಗಿತ್ತು. ಒಂದೂವರೆ ದಿನ ಹಿಡಿಯಿತು. ಎರಡನೆಯ ದಿನ ಮಧ್ಯಾಹ್ನ ಸೊಸೆ ಮಗ್ಗದ ಮುಂದೆ ನಿಂತು ಹಾಸನ್ನು ಎಳೆದಳು. ಮೊದಲ ಗೇಣು ಸರಿಯಾಗಿ ಬಂದಿತು. ಆಮೇಲೆ ಟಪ್ ಟಪ್ ಎಂದು, ಬಿಸಿ ಹಂಚಿನ ಮೇಲೆ ಜೋಳ ಸಿಡಿದಂತೆ, ಎಳೆಗಳು ಹರಿಯತೊಡಗಿದವು. ಎಡಬದಿ ಪೂರ್ತಿ ಜೋತುಬಿದ್ದಿತು.

ತಪ್ಪು ಎಲ್ಲಿ ಎಂಬುದು ನನ್ನ ಹೆಂಡತಿಗೆ ಕೂಡಲೇ ತಿಳಿಯಿತು. ಹರಿದ ತುದಿಯೊಂದನ್ನು ಬೆಳಕಿಗೆ ಹಿಡಿದು ನನಗೂ ತೋರಿಸಿದಳು. ಎಳೆ ಬಿಗಿಯಾಗಿ ಸುರುಳಿಗಟ್ಟಿ ತಂತಿಯಂತಾಗಿತ್ತು. ಕಬ್ಬು ಕಡಿಯುವವರು ಕಟ್ಟು ಬಿಗಿಯಲು ಹಗ್ಗ ಬಳಸುವುದಿಲ್ಲ. ಕಬ್ಬಿನ ಹಸಿ ಎಲೆಯನ್ನೇ ಗಟ್ಟಿಯಾಗಿ ಹುರಿ ಮಾಡಿ ಸುತ್ತುತ್ತಾರೆ. ಹುರಿ ಸಡಿಲವಾದರೆ ತಲೆಯ ಮೇಲೆಯೇ ಕಟ್ಟು ಬಿಚ್ಚುತ್ತದೆ. ಕಲಿಯುವಾಗ ಮೆತ್ತಗೆ ನಡೆದಿದ್ದ ಬೆರಳುಗಳು, ತನ್ನ ಮೇಲೆಯೇ ಎಲ್ಲವೂ ನಿಂತಿದೆ ಎಂಬ ಭಯ ಬಂದೊಡನೆ ತಮಗೆ ಚೆನ್ನಾಗಿ ಗೊತ್ತಿದ್ದ ಕೆಲಸವನ್ನೇ ಮಾಡಿದ್ದವು. ಎಳೆಗೆ ಕಬ್ಬಿನ ಕಟ್ಟಿನ ಹುರಿ ಬಿದ್ದಿತ್ತು.

ಅವಳು ಅಳಲಿಲ್ಲ. ಸೀರೆಯ ಸೆರಗಿನಿಂದ ಬೆರಳಿನ ಬೂದಿಯನ್ನು ಒರೆಸಿಕೊಂಡು, ಡಬ್ಬಿಯ ಮುಚ್ಚಳ ಹಾಕಿ ನನ್ನ ಹೆಂಡತಿಯ ಮುಂದೆ ಇಟ್ಟಳು.

“ನಾ ಟೋಳಿ ಕೂಡ ಹೋಗ್ತೇನಿ ಮಾವಶಿ. ನಿಮ್ಮಂಗ ದೇವರ ಕೈ ಅಲ್ಲ ನಂದು.”

ನಾನು ಬಾಗಿಲಲ್ಲಿ ನಿಂತಿದ್ದೆ. ನಾನು ಹೇಳಿದ ಕಥೆಯೇ ಅವಳನ್ನು ಟ್ರ್ಯಾಕ್ಟರಿಗೆ ಹತ್ತಿಸುತ್ತಿದೆ ಎಂಬುದು ಆಗಲೂ ನನಗೆ ಹೊಳೆಯಲಿಲ್ಲ. ಹೊಳೆದದ್ದು ನನ್ನ ಹೆಂಡತಿಗೆ. ಆಕೆ ಡಬ್ಬಿಯನ್ನು ಮುಟ್ಟದೆ ನೆಲದ ಮೇಲೆ ಕುಳಿತಳು.

“ಕೂಡ್ರಿಲ್ಲೆ. ನನ್ನ ಮೊದಲನೇ ಹಾಸ ಅರ್ಧಕ್ಕರ್ಧ ಹರದಿತ್ತ. ಇವರು ಹೇಳೂದೆಲ್ಲಾ ಸುಳ್ಳ.”

ಬಳಿಕ ಆಕೆ ಹೇಳಿದ್ದನ್ನು ನಾನು ಇಲ್ಲಿ ಸಂಗ್ರಹಿಸುತ್ತೇನೆ. ಆ ದಿನ ದೊಡ್ಡವ್ವ ಅರ್ಧ ಹಾಸನ್ನು ನನ್ನ ಹೆಂಡತಿಗೆ ಬಿಟ್ಟು ಯಾರದೋ ಮಣ್ಣಿಗೆ ರಬಕವಿಗೆ ಹೋಗಿದ್ದಳು. ಇವಳ ಕೈ ಉಣ್ಣೆಯ ಕೈ. ಉಣ್ಣೆಯ ಎಳೆ ಕೂಡಿಸುವಾಗ ತುದಿಗಳನ್ನು ಬಿಡಿಸಿ, ಉಗುಳು ಹಚ್ಚಿ, ಅಂಗೈಗಳ ನಡುವೆ ಉರುಳಿಸುತ್ತಾರೆ. ಉಣ್ಣೆ ತಾನಾಗಿ ಕಚ್ಚಿಕೊಳ್ಳುತ್ತದೆ. ಬೂದಿ ಮೈಲಿಗೆಯಂತೆ ಕಂಡು, ಯಾರೂ ಇಲ್ಲದಿದ್ದಾಗ ಇವಳು ಹತ್ತಿಯ ಎಳೆಗೂ ಹಾಗೆಯೇ ಮಾಡಿದಳು. ಗಂಜಿ ಹಚ್ಚಿದ ಎಳೆ ಒದ್ದೆಯಾಗಿ ಮೆತ್ತಗಾಯಿತು. ಎಳೆದೊಡನೆ ಕೂಡಿಕೆಗಳು ಸದ್ದೂ ಇಲ್ಲದೆ ಬಿಚ್ಚಿಕೊಂಡವು. ದೊಡ್ಡವ್ವ ಬಂದು ನೋಡಿದಳು. ಬೈಯಲಿಲ್ಲ. ಬಾಗಿಲು ಮುಚ್ಚಿಸಿ, ಎಲ್ಲವನ್ನೂ ಕತ್ತರಿಸಿ, ಅಂದಿರುಳೂ ಮರುದಿನ ಮಧ್ಯಾಹ್ನದವರೆಗೂ ತಾನೇ ಕುಳಿತು ಕೆಚ್ಚಿದಳು.

“ನಾ ಬರೇ ಬೂದಿ ಡಬ್ಬಿ ಹಿಡಕೊಂಡ ಕುಂತಿದ್ದೆ. ನೋಡಕೋತ ಕಲತೆ. ಯಾರ ಮುಂದೂ ಅನ್ನಬ್ಯಾಡ, ನಾಳಿ ನಿನ್ನ ಕರಿಯಾಕ ಬರ್ತಾರ ಅಂದ್ಲು. ಹಂಗ ಬಂದ್ರು. ಆ ಸುಳ್ಳಿನ ಮ್ಯಾಲ ಇಷ್ಟ ವರ್ಷ ಉಂಡೇನಿ.”

ಇದನ್ನು ಎದುರುಮನೆಯ ಸೊಸೆಯ ಮುಂದೆಯೇ ಆಕೆ ಹೇಳಿದಳು. ಓಣಿಯಲ್ಲಿ ತನಗಿದ್ದ ಹೆಸರನ್ನು, ನಮ್ಮಿಬ್ಬರ ಮುಪ್ಪಿನ ಆಸರೆಯಾದ ಕೆಲಸವನ್ನು, ಬೂದಿಯ ಡಬ್ಬಿಯಷ್ಟೇ ಸಲೀಸಾಗಿ ನೆಲದ ಮೇಲೆ ಇಟ್ಟಳು. ನಾನು ಎದುರುಮನೆಯವಳ ಮುಖವನ್ನು ನೋಡಿದೆ. ಅವಳು ಹರಿದ ಎಳೆಗಳನ್ನು ಬೆರಳಿನಿಂದ ಹಿಂದಕ್ಕೆ ಸರಿಸುತ್ತ ತಲೆಯೆತ್ತದೆ ಮಾತಾಡಿದಳು.

“ಬಾಗಿಲಾ ಮುಚ್ಚಿದಾಕಿ ನಾನ ಅಲ್ಲೇನ್ರಿ ಕಾಕು? ನಾ ಹೊಸಾ ಸೊಸಿ. ಅತ್ತಿ ಬೆರಳಿಗೆಲ್ಲಾ ಬೂದಿ, ರೊಟ್ಟಿ ಮುರಕೊಳ್ಳಾಕ ಬರ್ತಿರಲಿಲ್ಲ. ನಾನ ಮುರದ ಬಾಯಾಗ ಇಟ್ಟೆ. ನನಗೂ ಅನ್ನಬ್ಯಾಡ ಅಂದಿದ್ರು.”

ಹೀಗೆ ಇಡೀ ಓಣಿಯಲ್ಲಿ ಆ ಸಂಗತಿ ಗೊತ್ತಿರಬೇಕಾದ ಇಬ್ಬರಿಗೂ ಗೊತ್ತಿತ್ತು. ಗೊತ್ತಿರಬೇಕಾಗಿದ್ದೂ ಗೊತ್ತಿಲ್ಲದವನು ಊರಿನವರ ಮನೆದೇವರ ವಿಳಾಸಗಳನ್ನು ವಿಚಾರಿಸುತ್ತ ತಿರುಗಿದ ನಾನೊಬ್ಬನೇ. ನನಗೇಕೆ ಹೇಳಲಿಲ್ಲ ಎಂದು ಹೆಂಡತಿಯನ್ನು ಕೇಳಿದೆ.

“ನೀವು ಹೆಂಗ ಆತಂತ ಕೇಳಿದ್ದ ಯಾವಾಗ್ರಿ? ‘ಆತು’ ಅಂದಕೂಡ್ಲೆ ಹೇಳಾಕ ಸುರು ಮಾಡಿದ್ರಿ.”

ಸೊಸೆಗೆ ನಗೆ ತಡೆಯಲಾಗಲಿಲ್ಲ. ನಕ್ಕು, ಮೂಗು ಒರೆಸಿಕೊಂಡು, ನೆಲಕ್ಕೆ ಕಣ್ಣು ನೆಟ್ಟು ಕುಳಿತ ಆ ಹೆಣ್ಣುಮಗಳ ಕಡೆಗೆ ತಿರುಗಿದಳು. ಅತ್ತೆ ತಾವೇ ಕುಳಿತು ಕೆಚ್ಚಿದರು, ನನಗೆ ಅಷ್ಟು ತಾಳ್ಮೆ ಇಲ್ಲ, ಈ ಬೀಮನ್ನು ನೀನೇ ಕತ್ತರಿಸಿ ನೀನೇ ಮತ್ತೆ ಕೆಚ್ಚಬೇಕು ಎಂದಳು. ಮಗ್ಗ ಎರಡು ದಿನ ನಿಂತರೆ ನಿಲ್ಲಲಿ ಎಂದೂ ಹೇಳಿದಳು. ಪವರ್‌ಲೂಮಿನ ಮನೆಯವರು ಹಬ್ಬದ ಮುಂಚೆ ಒಂದು ಮಗ್ಗವನ್ನು ನಿಲ್ಲಿಸುವುದೆಂದರೇನು ಎಂಬುದು ನೂಲಿನ ಅಂಗಡಿಯಲ್ಲಿ ಆಯುಷ್ಯ ಕಳೆದ ನನಗೆ ಗೊತ್ತು.

“ಏಳ ಬೇ, ಮಾರಿ ತೊಳಕೋ. ನಾಳಿ ಹೊತ್ತ ಹೊಂಡೂದರಾಗ ಬಾ. ಕಬ್ಬ ಅನಕೊಂಡ ಹಿಡೀಬ್ಯಾಡ, ಕೂಸಿನ ಕೂದಲಾ ಅನಕೊಂಡ ಹಿಡಿ.”

ಮರುದಿನವೂ ಅದರ ಮರುದಿನವೂ ಅವಳು ಕುಳಿತಳು. ನನ್ನ ಹೆಂಡತಿ ಈ ಸಲ ಎದುರಿಗೆ ಕುಳಿತು ಎಳೆ ಆರಿಸಿ ಕೊಡುತ್ತಿದ್ದಳು, ಹೊಸೆಯಲಿಲ್ಲ. ಪಕ್ಕದಲ್ಲಿ ಉಳಿದ ಮಗ್ಗಗಳ ಖಟಪಟ. ಹಾಸನ್ನು ಎಳೆಯುವ ಹೊತ್ತಿಗೆ ನಾನು ಕಟ್ಟೆ ಬಿಟ್ಟು ಒಳಗೆ ಹೋಗಿ ನಿಂತೆ. ಈ ಬಾರಿ ಕೇಳಿದ್ದನ್ನು ಹೇಳುವವನಾಗದೆ ಕಣ್ಣಾರೆ ಕಂಡವನಾಗಬೇಕೆಂದಿದ್ದೆ. ಹನ್ನೊಂದು ಎಳೆ ಹರಿದವು. ನಾನೇ ಎಣಿಸಿದೆ. ಮಿಕ್ಕವೆಲ್ಲ ಹಣಿಗೆ ದಾಟಿ ಬಂದವು. ಹನ್ನೊಂದು ಬಹಳವಲ್ಲ, ತಾನು ಕೆಚ್ಚಿದರೂ ಐದಾರು ಹೋಗುತ್ತವೆ ಎಂದು ಹೆಂಡತಿ ಹೇಳಿದಳು. ಇದೂ ನನಗೆ ಅಂದಿನವರೆಗೆ ತಿಳಿದಿರಲಿಲ್ಲ.

ಆ ಸಂಜೆ ನಾನು ವಹಿಯನ್ನು ತೆಗೆದು ಹಳೆಯ ಪುಟದ ಮೇಲೆ ಅಡ್ಡಗೆರೆ ಎಳೆದೆ. ಬರೆದದ್ದನ್ನು ಹೊಡೆದುಹಾಕಿದಾಗ ನನ್ನ ಹೆಂಡತಿಯ ಬಗೆಗಿನ ಅಭಿಮಾನ ಕುಗ್ಗೀತು ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಹುಟ್ಟಾ ಒಳ್ಳೆಯ ಕೈಯನ್ನು ಮೆಚ್ಚುವುದರಲ್ಲಿ ಮೆಚ್ಚುವವನಿಗೂ ಶ್ರಮವಿಲ್ಲ. ಉಗುಳು ಹಚ್ಚಿ ಹಾಸು ಕೆಡಿಸಿದವಳು, ಮುಂದಿನ ಹಾಸು ಕೆಚ್ಚಲು ಕರೆ ಬಂದಾಗ, ಮತ್ತೆ ಕೆಡಬಹುದೆಂದು ಗೊತ್ತಿದ್ದೂ ಎದ್ದು ಹೋದಳಲ್ಲ, ಆ ನಡೆಯನ್ನು ನಾನು ಇಷ್ಟು ವರ್ಷ ನೋಡಿಯೇ ಇರಲಿಲ್ಲ. ನಮ್ಮನ್ನು ಈ ಊರಿನವರನ್ನಾಗಿ ಮಾಡಿದ್ದು ಆ ನಡೆ, ಮತ್ತು ಒಂದು ಮುಚ್ಚಿದ ಬಾಗಿಲ ಹಿಂದೆ ಇನ್ನೊಬ್ಬಳು ಬೆನ್ನು ನೋಯಿಸಿಕೊಂಡ ಒಂದು ಇರುಳು, ಅರ್ಧ ಹಗಲು. ಯಾವ ಪರಿಹಾರದ ಕಾಗದದಲ್ಲಿಯೂ ಅದಕ್ಕೆ ಕಲಂ ಇರಲಿಲ್ಲ.

ದಸರೆ ಕಳೆದ ವಾರಕ್ಕೆ ಹೆಣ್ಣುಮಗಳು ಮಣ್ಣು ತಂದಳು. ಅದಕ್ಕೆ ಹೊಟ್ಟನ್ನೂ ಸಗಣಿಯನ್ನೂ ಬೆರೆಸಿ, ಮೂರು ಕಲ್ಲುಗಳನ್ನು ಒಳಗೇ ಸೇರಿಸಿ ಒಲೆ ಹಾಕಿದಳು. ಎರಡು ದಿನ ಒಣಗಿಸಿ ಸಾರಿಸಿದಳು. ಟೋಳಿಯ ಟ್ರ್ಯಾಕ್ಟರು ಹಿಪ್ಪರಗಿಗೆ ಹೋಗುವ ದಾರಿಯಲ್ಲಿ ನಮ್ಮ ಓಣಿಯ ತುದಿಗೆ ನಿಂತಾಗ ಆ ಒಲೆಯ ಮೇಲೆ ಅಷ್ಟೂ ಜನರಿಗೆ ಚಹಾ ಕುದಿಯಿತು. ಟೋಳಿಯ ಹೆಂಗಸರು ಲೋಟ ಹಿಡಿದು ಒಲೆಯ ಸುತ್ತ ನಿಂತರು. ಒಬ್ಬ ಮುದುಕಿ ಬಗ್ಗಿ ಅದರ ಅಂಚನ್ನು ಅಂಗೈಯಿಂದ ಸವರಿದಳು. ಮರಾಠಿಯಲ್ಲಿ ಏನೋ ಹೇಳಿದಳು; ಏನೆಂದು ನಾನು ಆ ಹೆಣ್ಣುಮಗಳನ್ನು ಕೇಳಿದೆ. ಒಲೆಯ ಬಾಯಿ ಸ್ವಲ್ಪ ಅಗಲವಾಯಿತು, ಕುಳ್ಳು ಬಹಳ ತಿನ್ನುತ್ತದೆ ಎಂದಳಂತೆ. ನಾನು ಬೇರೇನನ್ನೋ ಊಹಿಸಿಕೊಂಡಿದ್ದೆ. ಕೇಳಿದ್ದು ಒಳ್ಳೆಯದಾಯಿತು.

ಈ ವರ್ಷ ಮಳೆ ನಿಂತ ಮೇಲೆ ನಮ್ಮ ಹಿತ್ತಲಿನ ನೀರೊಲೆಯನ್ನು ಕಿತ್ತೆವು. ಬಗ್ಗಿ ಊದುವುದು ಇಬ್ಬರಿಗೂ ಆಗದು. ಅಡುಗೆಗೆ ಮೊದಲೇ ಗ್ಯಾಸು ಇತ್ತು, ಈಗ ನೀರೂ ಅದರ ಮೇಲೆಯೇ. ಡಬ್ಬಿಯಲ್ಲಿ ಉಳಿದಿದ್ದ ಬೂದಿ ಎರಡು ಬೀಮಿಗೆ ಬಂದಿತು. ಮೂರನೆಯದಕ್ಕೆ ಕರೆ ಬಂದ ಬೆಳಿಗ್ಗೆ ನನ್ನ ಹೆಂಡತಿ ಬರಿದಾದ ಡಬ್ಬಿಯನ್ನು ಸೆರಗಿನಿಂದ ಒರೆಸಿಕೊಂಡು ಹೊರಬಿದ್ದಳು. ಎದುರುಮನೆಗೆ ಹೋಗುತ್ತಾಳೆ ಎಂದುಕೊಂಡೆ, ಅಲ್ಲಿ ಇನ್ನೂ ಕುಳ್ಳಿನ ಒಲೆ ಇದೆ. ಆಕೆ ಅದನ್ನು ದಾಟಿ, ನಲ್ಲಿಯನ್ನೂ ದಾಟಿ, ತಗಡಿನ ಕೆಳಗೆ ರೊಟ್ಟಿ ಬಡಿಯುತ್ತಿದ್ದ ಹೆಣ್ಣುಮಗಳ ಒಲೆಯ ಮುಂದೆ ನಿಂತು ಡಬ್ಬಿಯನ್ನು ಚಾಚಿದಳು.

“ತುಂಬ ಕೊಡ. ಸೋಸಿ ಕೊಡ ಮತ್ತ.”

ಅವಳು ಹಿಟ್ಟಿನ ಕೈಯನ್ನು ತೊಳೆದು ಡಬ್ಬಿ ತೆಗೆದುಕೊಂಡಳು. ಸೋಸಲು ತುಂಬ ಹೊತ್ತು ಹಿಡಿಯಿತು; ಒಂದು ಸಲವಲ್ಲ, ಬಟ್ಟೆ ಕೊಡವಿ ಮೂರು ಸಲ. ಹಂಚಿನ ಮೇಲಿನ ರೊಟ್ಟಿ ಅಷ್ಟರಲ್ಲಿ ಹೊತ್ತಿತು. ಇಬ್ಬರೂ ಅದನ್ನು ನೋಡಲಿಲ್ಲ.